ಹತ್ತು ಗಂಟೆಯ ಮೀಟಿಂಗ್

ಶಿವಶರಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಕೆಲಸ ಹೋಗಿದ್ದು ನನ್ನಿಂದ. ಕಂಪನಿ ಕೊಟ್ಟ ಕಾಗದದಲ್ಲಿ ಬೇರೆ ಏನೇನೋ ಬರೆದಿದ್ದಾರೆ, ಅದನ್ನು ನಂಬಬೇಡಿ.

ವಿಮಾನಪುರದ ಹಿಂಭಾಗದಲ್ಲಿ ವಿಮಾನದ ಬಿಡಿಭಾಗ ಮಾಡುವ ಸಣ್ಣ ಖಾಸಗಿ ಕಾರ್ಖಾನೆ ನಮ್ಮದು. ಅವನೂ ನಾನೂ ಅಲ್ಲಿ ಇನ್‌ಸ್ಪೆಕ್ಟರುಗಳು. ಪೊಲೀಸರಲ್ಲ, ಅಳತೆ ನೋಡುವವರು. ಮಿಷನ್ನಿನಿಂದ ಇಳಿದ ಪ್ರತಿ ತುಂಡನ್ನೂ ಅಳೆದು, ಸರಿಯಿದ್ದರೆ ನಮ್ಮ ನಮ್ಮ ನಂಬರಿನ ಸ್ಟಾಂಪ್ ಒತ್ತುವುದು ಕೆಲಸ. ನಾನು ಪ್ರೇಮ್‌ಕುಮಾರ್, ಕಗ್ಗದಾಸಪುರದವನೇ. ನಮ್ಮ ತಾತ ಬೈಲಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಕೆಲಸ ಹೋದರೂ ಉಪವಾಸ ಬೀಳುವವನಲ್ಲ ನಾನು. ಶಿವಶರಣ ಆಳಂದದ ಕಡೆಯವನು. ಹದಿನಾಲ್ಕು ವರ್ಷದಿಂದ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾನೆ. ಅಳತೆ ಒಂದು ಕೂದಲೆಳೆ ಹೆಚ್ಚಿದ್ದರೂ ತುಂಡಿಗೆ ಕೆಂಪು ಚೀಟಿ ಕಟ್ಟುತ್ತಿದ್ದ. ಮ್ಯಾನೇಜರು ಬಂದು ಗೋಗರೆದರೂ ಸ್ಟಾಂಪ್ ಮುಟ್ಟುತ್ತಿರಲಿಲ್ಲ. "ಸುಳ್ಳು ನನ್ನ ಕೈಲಿ ಆಗಂಗಿಲ್ರಿ ಸರ್" ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ನನ್ನ ಕೈಲಿ ಆಗುತ್ತಿತ್ತು.

ಕಳೆದ ಮಾರ್ಚ್‌ನಲ್ಲಿ ಅವನಿಗೆ ಹೊಟ್ಟೆನೋವು ಬಂತು. ಎರಡು ದಿನ ಜೀರಿಗೆ ಕಷಾಯ ಕುಡಿದ, ಮೂರನೇ ದಿನ ಹಲಸೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದೊಡ್ಡ ಕರುಳಿಗೆ ಗಡ್ಡೆ ಅಡ್ಡ ಕೂತಿತ್ತು. ಅಂದೇ ಕೊಯ್ದು ತೆಗೆದರು. ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಿಂದ ಹೊರಕ್ಕೆ ತಂದು ಹೊಲಿದು, ಅದರ ಮೇಲೆ ಒಂದು ಚೀಲ ಅಂಟಿಸಿದರು. ಆರೇಳು ತಿಂಗಳಿಗೆ ಮತ್ತೆ ಒಳಗೆ ಜೋಡಿಸುತ್ತೇವೆ, ಅಲ್ಲಿಯವರೆಗೆ ಮಲ ಆ ಚೀಲಕ್ಕೆ ಬರುತ್ತದೆ ಎಂದರು. ಅದನ್ನು ತಡೆದುಕೊಳ್ಳುವ ಮಾತೇ ಇಲ್ಲ. ಅದಕ್ಕೆ ಬೇಕಾದಾಗ ಬರುತ್ತದೆ, ಬೇಕಾದಾಗ ಸದ್ದು ಮಾಡುತ್ತದೆ.

ಎರಡು ತಿಂಗಳು ಬಿಟ್ಟು ಕೆಲಸಕ್ಕೆ ಬಂದ. ನಮ್ಮ ಅಳತೆಯ ಕೋಣೆಗೆ ಕಿಟಕಿಯೇ ಇಲ್ಲ. ಸೆಕೆಗೆ ಲೋಹ ಹಿಗ್ಗಬಾರದೆಂದು ದಿನವಿಡೀ ಎಸಿ ಓಡುತ್ತದೆ, ಬಾಗಿಲು ಮುಚ್ಚಿರಲೇಬೇಕು. ಒಳಗೆ ನಾವಿಬ್ಬರೇ. ಮೂರನೇ ದಿನ ಚೀಲದ ಅಂಚು ಬಿಟ್ಟುಕೊಂಡಿತು. ವಾಸನೆ ಬಂತು. ಅವನು ತಲೆ ತಗ್ಗಿಸಿಕೊಂಡು ಎದ್ದುಹೋಗಿ, ಅರ್ಧ ಗಂಟೆ ಬಿಟ್ಟು ಬೇರೆ ಅಂಗಿ ಹಾಕಿಕೊಂಡು ಬಂದ.

"ಸಾರಿ ಪ್ರೇಮ್."

"ಅಯ್ಯೋ, ಬಿಡು ಗುರು. ಏನಾಯ್ತೀಗ?" ಎಂದೆ ನಾನು.

ಮಧ್ಯಾಹ್ನ ಊಟವಾದ ಮೇಲೆ ಪರ್ಸನೆಲ್ ಆಫೀಸಿನ ಹಂಸ ಮೇಡಂ ಹತ್ತಿರ ಹೋದೆ. "ಮೇಡಂ, ಒಳಗೆ ಕೂತ್ಕೊಳಕ್ಕೇ ಆಗ್ತಿಲ್ಲ. ಏನಾದ್ರೂ ಮಾಡಿ. ನನ್ ಹೆಸರು ಮಾತ್ರ ಬರ್ಬಾರ್ದು" ಎಂದೆ. ಅವನನ್ನು ಬೇರೆ ಕೋಣೆಗೆ ಹಾಕುತ್ತಾರೆ ಅಂದುಕೊಂಡಿದ್ದೆ ಎಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಗ ಅಷ್ಟೂ ಯೋಚಿಸಿರಲಿಲ್ಲ.

ಎಂಟು ದಿನಕ್ಕೆ ಕಾಗದ ಬಂತು. ಅವನದು ವರ್ಷವರ್ಷಕ್ಕೆ ಮುಂದುವರಿಸುವ ಕಾಂಟ್ರಾಕ್ಟು, ಈ ಸಲ ಮುಂದುವರಿಸಲಿಲ್ಲ. ಆರೋಗ್ಯದ ಕಡೆ ಗಮನ ಕೊಡಿ ಎಂದು ಬರೆದು, ಕೊನೆಯಲ್ಲಿ "ಸಹೋದ್ಯೋಗಿಗಳಿಗಾದ ಅನಾನುಕೂಲ" ಎಂದು ಒಂದು ಮಾತು ಸೇರಿಸಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು ನನಗೇ ತೋರಿಸಿದ. "ಯಾರಿರಬಹುದು ಪ್ರೇಮ್?" ಎಂದು ಕೇಳಿದ. ಯಾರೋ ಇರಬೇಕು ಬಿಡು ಎಂದೆ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತಿದ್ದವನು ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ.

ಜೂನ್‌ನಲ್ಲಿ ಅವನ ತಾಯಿ ಕಾಶಮ್ಮ ಆಳಂದದಿಂದ ಮಗನ ಆರೈಕೆಗೆ ಬಂದರು. ಅವರಿಗೆ ಹೇಳಿದ್ದು ಅಪೆಂಡಿಕ್ಸ್ ಆಪರೇಷನ್ ಎಂದು. ಚೀಲದ ವಿಷಯ ಹೇಳಿರಲಿಲ್ಲ, ಕೆಲಸದ ವಿಷಯವೂ ಹೇಳಿರಲಿಲ್ಲ. ಹೆಂಡತಿ ಶ್ರೇಯಾ ಬೆಳಿಗ್ಗೆ ಎಂಟಕ್ಕೆ ಇಂದಿರಾನಗರದ ಆಫೀಸಿಗೆ ಹೊರಟರೆ ಬರುವುದು ಸಂಜೆಯೇ. ಹಗಲೆಲ್ಲ ತಾಯಿಯೂ ಮಗನೂ ಎರಡು ಕೋಣೆಯ ಮನೆಯಲ್ಲಿ. ತಾಯಿ ಪುಂಡಿಪಲ್ಯ, ಬೆಳ್ಳುಳ್ಳಿ ಚಟ್ನಿ, ಬೇಳೆ ಎಂದು ಮುಂದಿಡುತ್ತಿದ್ದರು. ಅದನ್ನು ತಿಂದರೆ ಚೀಲ ಉಬ್ಬುತ್ತದೆ, ಗುರುಗುಟ್ಟುತ್ತದೆ. ತಿನ್ನದಿದ್ದರೆ ತಾಯಿಯ ಮುಖ ಬಾಡುತ್ತದೆ. ಪಾಪ, ಅವನು ಒಂದು ಶಬ್ದ ಕಂಡುಹಿಡಿದ. ಮೀಟಿಂಗ್. ಚೀಲ ತುಂಬಿದಾಗೆಲ್ಲ "ಮೀಟಿಂಗ್ ಅದವ್ವ" ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದ. ಮನೆಯಿಂದಲೇ ಕೆಲಸ ಎಂದು ತಾಯಿ ನಂಬಿದರು. ಲೋಹದ ತುಂಡು ಹಿಡಿದು ಅಳೆಯುವ ಕೆಲಸವನ್ನು ಮನೆಯಿಂದ ಹೇಗೆ ಮಾಡುತ್ತಾರೆ ಎಂದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು?

"ದಿನಾ ಹತ್ತಕ್ಕ ಒಂದು ಫೋನ್ ಮಾಡು ಮಾರಾಯಾ. ಒಳಗ ಬರೀ ಸುಮ್ಮನ ಕೂತ್ರ ಅವ್ವಗ ಸಂಶಯ ಬರ್ತದ" ಎಂದು ನನ್ನನ್ನು ಕೇಳಿಕೊಂಡ. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ದಿನವೂ ಟೀ ಹೊತ್ತಿಗೆ ಫೋನ್ ಮಾಡುತ್ತಿದ್ದೆ. ಅವನು ಬಾಗಿಲ ಹಿಂದೆ ನಿಂತು ಜೋರಾಗಿ, "ಯೆಸ್ ಪ್ರೇಮ್‌ಕುಮಾರ್, ಐ ವಿಲ್ ಚೆಕ್ ದಿ ರಿಪೋರ್ಟ್" ಎನ್ನುತ್ತಿದ್ದ. ಹಾಗೆ ಹೇಳುತ್ತ ಹೇಳುತ್ತಲೇ ಚೀಲ ಬದಲಾಯಿಸುತ್ತಿದ್ದ. ಕೆಲವು ದಿನ ನಾನು ಈ ಕಡೆ ಏನೂ ಮಾತಾಡದೆ ಫೋನ್ ಕಿವಿಗಿಟ್ಟುಕೊಂಡು ನಿಂತಿರುತ್ತಿದ್ದೆ. ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಅಷ್ಟರಲ್ಲಿ ಟೀ ಬ್ರೇಕ್ ಮುಗಿಯುತ್ತಿತ್ತು.

ಇನ್ನೊಂದು ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಅವರು ಲಿಂಗಾಯತರು. ಅವನ ಕೊರಳಲ್ಲಿ ಚಿಕ್ಕಂದಿನಿಂದ ಲಿಂಗ ಇತ್ತು. ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯೊಳಗೆ ಎದೆಯ ಮೇಲೆ ಇರಬೇಕು, ದಿನವೂ ಸ್ನಾನ ಮಾಡಿ ಪೂಜಿಸಿಯೇ ಊಟ. ಆಪರೇಷನ್ ದಿನ ನರ್ಸ್ ಬಿಚ್ಚಿಸಿದ್ದನ್ನು ಅವನು ಮತ್ತೆ ಕಟ್ಟಿಕೊಂಡಿರಲಿಲ್ಲ. ತಾಯಿ ಬಂದ ಮೇಲೆ ಬರೀ ದಾರವನ್ನು ಕೊರಳಿಗೆ ಹಾಕಿಕೊಂಡು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿರುತ್ತಿದ್ದ. ದಾರ ಕಂಡರೆ ಸಾಕಲ್ಲ. ಪೂಜೆ ಒಳಗೇ ಆಯಿತು ಎನ್ನುತ್ತಿದ್ದ.

ಜುಲೈನ ಒಂದು ಮಂಗಳವಾರ ನಾನು ರಜೆ ಹಾಕಿದ್ದೆ. ಅವನ ಪಿಎಫ್ ಫಾರಂಗೆ ಸಹಿ ಬೇಕಿತ್ತು, ಆಫೀಸಿನವರು ನನ್ನ ಕೈಯಲ್ಲೇ ಕೊಟ್ಟಿದ್ದರು. ಮನೆಯಲ್ಲಿದ್ದೆನಲ್ಲ, ಟೀ ಬ್ರೇಕಿನ ಗಂಟೆ ಹೊಡೆಯಲಿಲ್ಲ, ಫೋನಿನ ವಿಷಯ ತಲೆಗೇ ಬರಲಿಲ್ಲ. ತಿಂಡಿ ತಿಂದು, ಫಾರಂ ಹಿಡಿದು, ಹಿಂದಿನ ಬೀದಿಗೆ ನಡೆದು ಹತ್ತರ ಹೊತ್ತಿಗೆ ಬೆಲ್ ಒತ್ತಿದೆ. ಕಾಶಮ್ಮ ಬಾಗಿಲು ತೆಗೆದರು. ಅವರು ನನ್ನನ್ನು ನೋಡಿದ್ದು ಅದೇ ಮೊದಲು.

"ಯಾರ್ರೀ ನೀವು?"

"ಪ್ರೇಮ್‌ಕುಮಾರ್ ಅಂತ ಅಮ್ಮಾ. ಶರಣನ ಜೊತೆ ಕೆಲಸ ಮಾಡ್ತೀನಿ."

ಅದೇ ಹೊತ್ತಿಗೆ ಕೋಣೆಯ ಒಳಗಿಂದ ಅವನ ದನಿ ಜೋರಾಗಿ ಬಂತು. "ಯೆಸ್ ಪ್ರೇಮ್‌ಕುಮಾರ್! ಓಕೆ ಪ್ರೇಮ್‌ಕುಮಾರ್!"

ಕಾಶಮ್ಮ ಕೋಣೆಯ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಫಾರಂ ಮಡಿಸಿದೆ, ಬಿಚ್ಚಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀವು ಇಲ್ಲಿದ್ರ, ಅಂವಾ ಒಳಗ ಯಾರ ಜೊತಿ ಮಾತಾಡ್ಲಾಕತ್ತಾನ?"

ಕೇಳಿದವರೇ ಹೋಗಿ ಬಾಗಿಲು ದೂಡಿದರು. ಹಳೇ ಮನೆಯ ಚಿಲಕ, ಕಳಚಿಕೊಂಡಿತು. ಶಿವಶರಣ ಬನಿಯನ್ ಇಲ್ಲದೆ ಮಂಚದ ತುದಿಯಲ್ಲಿ ಕೂತಿದ್ದ. ಒಂದು ಕೈಯಲ್ಲಿ ಹೊಸ ಚೀಲ, ಮಂಚದ ಮೇಲೆ ಕರೆಯೇ ಬಾರದ ಫೋನ್. ಹೊಟ್ಟೆಯ ಎಡಕ್ಕೆ ಕೆಂಪಗೆ ಕರುಳಿನ ಬಾಯಿ. ಟವೆಲ್ ಎಳೆದುಕೊಳ್ಳಲು ಹೋದ, ಅದು ಕೆಳಗೆ ಬಿತ್ತು. ನಲವತ್ತಮೂರು ವರ್ಷದ ಗಂಡಸು ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ಕಾಶಮ್ಮ ಹೊಟ್ಟೆಯನ್ನು ನೋಡಲಿಲ್ಲ. ಕೊರಳನ್ನು ನೋಡಿದರು.

"ಲಿಂಗ ಎಲ್ಲಿ ಅದ?"

"ತೆಗೆದಿಟ್ಟೀನವ್ವ."

"ಯಾಕ?"

"ಇದನ್ನ ಕಟ್ಕೊಂಡು ಅದನ್ನ ಹೆಂಗ ಕಟ್ಕೊಳ್ಳಲಿ? ಎರಡರ ನಡುವ ಒಂದು ಗೇಣೂ ಇಲ್ಲ."

ಆಮೇಲೆ ಎಲ್ಲ ಹೇಳಿದ, ಗೋಡೆಗೇ ಹೇಳಿದ. ಗಡ್ಡೆ, ಚೀಲ, ಕಾಗದ, ಮೀಟಿಂಗ್. "ನನ್ನಿಂದ ನಾತ ಬರ್ತದಂತ ಯಾರೋ ಆಫೀಸಿಗೆ ಹೇಳ್ಯಾರವ್ವ. ಅವರ ತಪ್ಪೇನೂ ಇಲ್ಲ. ಬರ್ತಿತ್ತು" ಎಂದ. ನಾಚಿಕೆಯಿಂದ ಅವನ ಕಿವಿ ಕೂಡ ಕೆಂಪಾಗಿತ್ತು. ನಾನು ಫಾರಂ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಕಾಶಮ್ಮ ಬೀರು ತೆಗೆದು ಬಟ್ಟೆಗಳ ಅಡಿಯಿಂದ ಕರಡಿಗೆ ಹುಡುಕಿ ತಂದರು.

"ನಲವತ್ತು ವರ್ಷ ಲಿಂಗ ಅದ ಕರುಳಿನ ಮ್ಯಾಲ ಇತ್ತಲ್ಲೋ. ಆಗ ಅದರಾಗ ಏನು ಗಂಧ ತುಂಬಿತ್ತೇನು? ಒಳಗಿದ್ದದ್ದು ಹೊರಗ ಬಂದದ, ಅಷ್ಟ. ಏಳು, ಜಳಕ ಮಾಡು." ಹಾಗೆ ಹೇಳಿ ಹೊರಗೆ ಬಂದವರು ಅಡುಗೆಮನೆಯ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಯಾಂವ ಹೇಳ್ಯಾನೋ ಅವನ ಬಾಯಾಗ ಹುಳ ಬೀಳಲಿ" ಎಂದರು. ನನ್ನ ಕಡೆ ನೋಡಿಯೇ ಅಂದರು, ನಾನೂ ಹೌದೆನ್ನಲಿ ಎಂದು. ನಾನು ತಲೆಯಾಡಿಸಿದೆ.

ಸ್ನಾನ ಮಾಡಿ, ಹೊಸ ಚೀಲ ಹಾಕಿ, ಶಿವಶರಣ ಹಾಲ್‌ನಲ್ಲೇ ಕೂತು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ. ನಡುವೆ ಹೊಟ್ಟೆ ಒಮ್ಮೆ ಗುರುಗುಟ್ಟಿತು, ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ತಾಯಿ ಕೇಳಿಸದವರಂತೆ ರೊಟ್ಟಿ ಬಡಿಯುತ್ತಿದ್ದರು.

ನಾನು ಫಾರಂ ಟೀಪಾಯಿಯ ಮೇಲಿಟ್ಟು ಹೊರಡಲು ಎದ್ದೆ. ಕಾಶಮ್ಮ ಬಿಡಲಿಲ್ಲ. "ಕೂಡ್ರಿ ಅಪ್ಪಾ. ಇಷ್ಟು ದೊಡ್ಡ ಊರಾಗ ನನ್ನ ಮಗಗ ನೀವೊಬ್ಬರಾದ್ರೂ ಅದೀರಿ. ದಿನಾ ಫೋನ್ ಮಾಡೀರಿ, ಅವನ ಮಾನ ಕಾಯ್ದೀರಿ" ಎಂದು ನೆಲದ ಮೇಲೆ ಎರಡು ತಟ್ಟೆ ಹಾಕಿದರು.

ಶಿವಶರಣ ತನ್ನ ತಟ್ಟೆ ಎತ್ತಿಕೊಂಡು ನನ್ನಿಂದ ಮಾರು ದೂರ ಸರಿದು ಕೂತ. ನನಗೆ ತೊಂದರೆಯಾಗದಿರಲಿ ಎಂದು.

ಹೇಳಬೇಕಾಗಿದ್ದದ್ದು ಆಗಲೇ. ಹೇಳಬೇಕೆಂದೇ ಬಾಯಿ ತೆರೆದೆ. ಇಬ್ಬರೂ ನನ್ನ ಮುಖ ನೋಡಿದರು.

"ಇನ್ನೊಂದ್ ರೊಟ್ಟಿ ಹಾಕಿ ಅಮ್ಮಾ" ಎಂದೆ.