ಪೆರಿಯಸಾಮಿಯ ಮಂಡಿ, ಪಟ್ಟದ ಹೋರಿಯ ಕಿವಿ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ದನದ ನಡಿಗೆ ನೋಡಿ ಅದರ ಜಾತಕ ಹೇಳುವವರು ಇನ್ನೂ ಕೆಲವರಿದ್ದಾರೆ. ಅವರಲ್ಲಿ ಮೊದಲನೆಯವನು ತಾನೇ ಎಂದು ಪೆರಿಯಸಾಮಿ ನಂಬಿದ್ದ. ಉಳಿದವರು ಅಡ್ಡ ಮಾತಾಡುತ್ತಿರಲಿಲ್ಲ. ಆಡಿದರೆ ಅವನು ಹೊತ್ತು ಮುಳುಗುವ ತನಕ ಬಿಡುತ್ತಿರಲಿಲ್ಲ. ಎಪ್ಪತ್ತರ ಆಸುಪಾಸಿನ ವಯಸ್ಸು, ಒಣ ಹುಣಸೆ ಕೊರಡಿನಂಥ ಮೈ, ಮೀಸೆಗೆ ಮಾತ್ರ ಇನ್ನೂ ಹರೆಯ. ಎದ್ದು ಕಾಣುವ ಕುಂದೆಂದರೆ ಬಲಗಾಲಿನ ಮಂಡಿ. ಒಳಗಿನ ಮೆತ್ತೆ ಸವೆದುಹೋಗಿ, ಎದ್ದರೆ ಕಿರುಗುಟ್ಟುತ್ತಿತ್ತು, ಕೂತರೆ ಬಯ್ಯುತ್ತಿತ್ತು.

ಅವನು ದೇವರ ದನದ ದೊಡ್ಡಿಗೆ ಹಿರಿಯ. ಆ ದನದ ಹಾಲನ್ನು ಯಾರೂ ಮಾರುವುದಿಲ್ಲ, ಕರುವಿನ ಹೆಗಲಿಗೆ ನೊಗ ಇಡುವುದಿಲ್ಲ. ಹಿಂಡಿಗೆ ಒಬ್ಬನೇ ಅರಸ, ಪಟ್ಟದ ಹೋರಿ. ಪೊಂಗಲ್ಲಿನ ಮಾರನೆಯ ದಿನ, ದನದ ಹಬ್ಬಕ್ಕೆ, ಹಿರಿಯನು ಹಿರಿತನದ ಗುರುತಾದ ದೇವರ ಬೆತ್ತವನ್ನು ಹೆಗಲ ಮೇಲಿಟ್ಟುಕೊಂಡು ದೊಡ್ಡಿಯಿಂದ ಕೆರೆಯ ತನಕ ಮುಂದೆ ನಡೆಯಬೇಕು. ಹೋರಿ ಹಗ್ಗವಿಲ್ಲದೆ ತಾನಾಗಿ ಹಿಂದೆ ಬರಬೇಕು. ಬೆತ್ತ ನೆಲಕ್ಕೆ ತಾಗಬಾರದು, ಹಿರಿಯ ಹಿಂದಿರುಗಿ ನೋಡಬಾರದು, ಹೋರಿ ಬರಲಾರೆ ಎನ್ನಬಾರದು. ಇದರಲ್ಲಿ ಯಾವುದು ತಪ್ಪಿದರೂ ಬೆತ್ತ ಬೇರೆ ಮನೆಗೆ ಹೋಗುತ್ತದೆ.

ಹೋರಿಗೂ ವಯಸ್ಸಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ಸಂಜೆ ಪೆರಿಯಸಾಮಿ ಬಲಗಾಲನ್ನು ಸರ್ರನೆ ಎಳೆದುಕೊಂಡು, ಹೆಜ್ಜೆಗೊಮ್ಮೆ ‘ಹೂಂ’ ಎಂದು ನರಳುತ್ತಾ ಬಂದರೆ, ಮಲಗಿದ್ದಲ್ಲೇ ಅದರ ಕಿವಿ ನೆಟ್ಟಗಾಗುತ್ತಿತ್ತು.

ಹೋದ ವರ್ಷ ಕೆರೆಯ ಏರಿ ಹತ್ತುವಾಗ ಮಂಡಿ ಕೈಕೊಟ್ಟಿತು. ಪೆರಿಯಸಾಮಿ ಬೆತ್ತ ಊರಿಬಿಟ್ಟ. ದಾಯಾದಿ ತಮ್ಮ ಕರುಪ್ಪಸಾಮಿ ಅದನ್ನು ಕಂಡ.

"ಅಣ್ಣೇ, ಅದು ದೇವರ ಬೆತ್ತ, ನಿನ್ನ ಊರುಗೋಲಲ್ಲ. ಈ ಸಲ ನನ್ನ ಕಣ್ಣಿಗೆ ದೂಳು ಬಿದ್ದಿತ್ತು ಅಂದ್ಕೊ. ಬರೋ ವರ್ಷ ಬೀಳಲ್ಲ," ಎಂದ.

"ನಿಂಗೆ ಬೆತ್ತದ ಮೇಲೆ ಆಸೆ."

"ಆಸೆ ಇಲ್ಲೆ ಅಣ್ಣೇ. ಬೆತ್ತಕ್ಕೆ ನೋಯ್ತದಲ್ಲಾ ಅಂತ."

ಅಂದಿನಿಂದ ಪೆರಿಯಸಾಮಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಪೊಂಗಲ್ಲಿಗೆ ಮುಂಚಿನ ಮಾರ್ಗಳಿ ತಿಂಗಳು ಹುಟ್ಟುತ್ತಲೇ ಬಸ್ಸು ಹತ್ತಿ ತೇನಿಗೆ ಹೋಗಿ ಮೂಳೆ ಡಾಕ್ಟರು ಅಮುದಾ ಅವರ ಮುಂದೆ ಕಾಲು ಚಾಚಿದ. ಆಕೆ ನಿಲಕ್ಕೋಟ್ಟೈ ಕಡೆಯ ನಮ್ಮವರ ಮಗಳೇ. ತಮಿಳು ಬೆರೆತ ನಮ್ಮ ಕನ್ನಡ ಮನೆಮಾತು ಪೂರಾ ತಿಳಿಯುತ್ತದೆ, ಆಡುವಾಗ ಮಾತ್ರ ಸ್ವಲ್ಪ ತಡವರಿಸುತ್ತಾರೆ. ಮಂಡಿಯೊಳಕ್ಕೇ ಹಾಕುವ ಚುಚ್ಚುಮದ್ದಿನಲ್ಲಿ ಮುಖ್ಯವಾಗಿ ಮೂರು ಬಗೆ ಎಂದು ಆಕೆ ವಿವರಿಸಿದರು. ಒಂದು ಸ್ಟೀರಾಯ್ಡ್, ಊತವನ್ನು ಬೇಗ ಅಡಗಿಸುತ್ತದೆ. ಇನ್ನೊಂದು ಅಂಟು ಅಂಟಾದ ಜೆಲ್, ಕೀಲಿಗೆ ಜಾರುಗುಣ ಕೊಡಲೆಂದು. ಮೂರನೆಯದು ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ತಿಳಿಯನ್ನು ಹಿಂದಕ್ಕೆ ಹಾಕುವುದು.

"ಅಂದ್ರೆ ಒಂದು ಬಾಡಿಗೆ ಎತ್ತು, ಒಂದು ಗಾಡಿ ಅಚ್ಚಿನ ಎಣ್ಣೆ, ಒಂದು ಹಸುವಿನ ಹಾಲು ಕರೆದು ಕಡೆದು ಅದಕ್ಕೇ ಕುಡಿಸೋದು," ಎಂದ ಪೆರಿಯಸಾಮಿ. "ಇದ್ರಲ್ಲಿ ಯಾವ್ದು ಒಳ್ಳೇದು ಅಂತ ನಾನೇ ನೋಡ್ತೀನಿ ತಾಯೀ. ಸಂತೇಲಿ ಮಾರೋನ ಬಾಯಿ ಕೇಳಿ ಹೋರಿ ತಂದೋನಲ್ಲ ನಾನು."

"ನಾನು ಮಾರೋಳಲ್ಲ ತಾತಾ."

"ನೀನಲ್ಲ ತಾಯೀ, ಊಸಿ."

ಊಸಿ ಎಂದರೆ ಅವರ ಮನೆಮಾತಿನಲ್ಲಿ ಚುಚ್ಚುಮದ್ದು. ಮೂರನ್ನೂ ಹಾಕಿಸಿಕೊಂಡವರು ಅವನ ಬಳಗದಲ್ಲೇ ಇದ್ದರು. ಜೆಲ್ ಹಾಕಿಸಿಕೊಂಡವಳು ಹೆಂಡತಿ ಅಳಗಮ್ಮಾಳ್. ಸ್ಟೀರಾಯ್ಡಿಗೆ ತೇವಾರಂನಲ್ಲಿರುವ ಅಕ್ಕ ಗೋವಿಂದಮ್ಮಾಳ್. ರಕ್ತದ ತಿಳಿಗೆ ಬಸ್ ಡ್ರೈವರ್ ವೇಲು, ಸೋದರಳಿಯ. ಪೆರಿಯಸಾಮಿ ಮೂವರನ್ನೂ ಒಂದು ಭಾನುವಾರ ಊಟಕ್ಕೆ ಕರೆದ. ಊಟವಾದ ಮೇಲೆ ಕೈ ತೊಳೆಯುವಷ್ಟೂ ಬಿಡುವು ಕೊಡದೆ ಕೆರೆ ಏರಿಗೆ ಹೊಡೆದುಕೊಂಡು ಹೋದ.

ದನ ಕೊಳ್ಳುವಾಗ ಅವನು ಮಾಡುತ್ತಿದ್ದುದೂ ಅದೇ. ಏರು ಹತ್ತಿಸುವುದು, ಇಳಿಸುವುದು, ಥಟ್ಟನೆ ತಿರುಗಿಸುವುದು, ಕೂರಿಸಿ ಎಬ್ಬಿಸುವುದು. ತಾನು ಹಿಂದೆ ಬಗ್ಗಿ ನಿಂತು ಕಾಲಿನ ಗೆಣ್ಣು ನೋಡುವುದು.

"ಇಳಿಯೋವಾಗ ನೋಡ್ಬೇಕು. ಮಂಡಿ ಸುಳ್ಳು ಹೇಳೋದು ಹತ್ತೋವಾಗ, ನಿಜ ಹೇಳೋದು ಇಳಿಯೋವಾಗ," ಎಂದ.

"ಹಲ್ಲೂ ತೋರಿಸ್ಬೇಕೇನೋ ತಮ್ಮಾ?" ಎಂದಳು ಗೋವಿಂದಮ್ಮಾಳ್.

"ಇದ್ರೆ ತೋರಿಸಕ್ಕಾ."

ವೇಲು ಓಡಿಯೇ ಏರಿ ಹತ್ತಿದ. "ನಲ್ಲಾ ಇರುಕ್ಕು ಮಾಮಾ, ಚೆನ್ನಾಗೈತೆ, ಒಂದು ಚುಚ್ಚು ನೋವೂ ಇಲ್ಲೆ. ಆದ್ರೆ ಹಾಕ್ಸಿದ ಮೇಲೆ ಎರಡು ತಿಂಗಳು ಗುಣ ಕಾಣ್ದೆ ಬಯ್ಕೊಂಡೇ ಇದ್ದೆ." ಗೋವಿಂದಮ್ಮಾಳ್ ಪಡ್ಡೆ ಹಸುವಿನಂತೆ ಸರಸರನೆ ಇಳಿದಳು. ಅವಳು ಹಾಕಿಸಿಕೊಂಡು ಇನ್ನೂ ಎರಡು ವಾರವಾಗಿರಲಿಲ್ಲ. ಹಿಂದಿನ ಸಲದ್ದು ಮೂರು ತಿಂಗಳಿಗೆ ಕೈಬಿಟ್ಟಿತ್ತು ಎಂದೂ ಹೇಳಿದಳು. ಅಳಗಮ್ಮಾಳ್ ಅರ್ಧ ಏರಿಗೇ ನಿಂತುಬಿಟ್ಟಳು.

"ಜೆಲ್ ಹಾಕ್ಸಿ ಒಂದು ವರ್ಷ ಆಯ್ತು. ಏನು ಗುಣ?" ಎಂದು ಗಂಡ ಕೇಳಿದ.

"ನೀನು ಮಾತು ಶುರು ಮಾಡಿದ್ರೆ ಎದ್ದು ಆಚೆ ಹೋಗೋಷ್ಟು ಬಲ ಬಂದೈತೆ. ಅಷ್ಟು ಸಾಕು ನಂಗೆ."

ಪೆರಿಯಸಾಮಿ ತೀರ್ಪು ಹೊತ್ತುಕೊಂಡು ಮತ್ತೆ ತೇನಿಗೆ ಹೋದ: ವೇಲುವಿನದೇ ಗೆದ್ದಿತು, ರಕ್ತವೇ ಹಾಕು. ಡಾಕ್ಟರು ನಗಲಿಲ್ಲ. ವೇಲುವಿನ ವಯಸ್ಸು ಕೇಳಿದರು, ಅವನ ಮಂಡಿ ಮೊದಲು ಎಷ್ಟು ಸವೆದಿತ್ತೆಂದು ಕೇಳಿದರು. ಪೆರಿಯಸಾಮಿ ಮೂವರ ಕತೆಯನ್ನೂ ಬಿಚ್ಚಿ ಹೇಳಿದ.

"ಒಂದು ಎಳೆ ಹೋರಿ, ಎರಡು ಮುದಿ ಹಸು. ಮೂರಕ್ಕೂ ಬೇರೆ ಬೇರೆ ಮೇವು ಹಾಕಿ, ಬೇರೆ ಬೇರೆ ತಿಂಗಳಲ್ಲಿ ಓಡಿಸಿ, ಯಾವ ಮೇವು ಒಳ್ಳೇದು ಅಂದ್ರೆ ನೀವು ಒಪ್ತೀರಾ ತಾತಾ?" ಎಂದರು ಡಾಕ್ಟರು.

ಪೆರಿಯಸಾಮಿ ಮೀಸೆ ನೀವಿಕೊಂಡ. "ನಿಮ್ಮಪ್ಪನ ಮನೇಲಿ ದನ ಇತ್ತಾ?" ಎಂದ.

"ಇತ್ತು."

"ಅದಕ್ಕೇ."

ಜೆಲ್ಲೂ ರಕ್ತದ ತಿಳಿಯೂ ನಿಧಾನ, ಕೆಲವರಿಗೆ ಹಿಡಿಸುತ್ತವೆ, ಕೆಲವರಿಗೆ ಇಲ್ಲ, ಡಾಕ್ಟರುಗಳಲ್ಲೇ ಇನ್ನೂ ಒಮ್ಮತವಿಲ್ಲ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಸ್ಟೀರಾಯ್ಡ್ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ನೋವು ತಗ್ಗಿಸುತ್ತದೆ, ಆದರೆ ಬಹುಕಾಲ ನಿಲ್ಲುವುದಿಲ್ಲ. ಪದೇ ಪದೇ ಹಾಕುವಂತಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ರಕ್ತದ ಸಕ್ಕರೆ ಸ್ವಲ್ಪ ದಿನ ಏರುತ್ತದೆ. ಸವೆದ ಮೆತ್ತೆಯನ್ನು ಮೂರರಲ್ಲಿ ಯಾವುದೂ ಮತ್ತೆ ಬೆಳೆಸಿಕೊಡುತ್ತದೆ ಎಂದು ನಂಬಬೇಡಿ, ದಿನಾ ತೊಡೆಗೆ ಕಸರತ್ತು ಮಾಡಿ ಎಂದೂ ಸೇರಿಸಿದರು.

"ಬೆತ್ತ ಹೊರೋದು ಯಾವತ್ತು?"

"ಪೊಂಗಲ್ ಮಾರನೆ ದಿನ."

"ಹಂಗಾದ್ರೆ ಬಾಡಿಗೆ ಎತ್ತೇ. ಆದ್ರೆ ನಿಮಗೆ ಸಕ್ಕರೆ ಕಾಯಿಲೆ ಐತೆ, ಈ ಹಬ್ಬಕ್ಕೆ ಸಿಹಿ ಪೊಂಗಲ್ ಇಲ್ಲೆ."

ಚುಚ್ಚುಮದ್ದು ಕೆಲಸ ಮಾಡಿತು. ಒಂದು ವಾರದೊಳಗೆ ಪೆರಿಯಸಾಮಿ ಅಂಗಳದಲ್ಲಿ ನೆಟ್ಟಗೆ ನಡೆದ, ಜಗಲಿಯ ತಿಣ್ಣೆ ಹತ್ತಿದ, ಇಳಿದ. ಟೀ ಅಂಗಡಿಯಲ್ಲಿ ಅವನು ಪಂಚೆ ಎತ್ತಿ ಮಂಡಿ ತೋರಿಸದ ಗಿರಾಕಿಯಿರಲಿಲ್ಲ. ಕಾಲಿಗೆ ವಿಶ್ರಾಂತಿ ಬೇಕೆಂದು ಹಬ್ಬದವರೆಗೂ ದೊಡ್ಡಿಯ ಕಡೆ ಮಾತ್ರ ಹೋಗಲಿಲ್ಲ. ಅಳಗಮ್ಮಾಳ್ ಬೆಲ್ಲದ ಡಬ್ಬಿಯನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟಳು.

ದನದ ಹಬ್ಬ ಬಂತು. ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡುಹೂ. ಡಾಕ್ಟರು ಅಮುದಾ ಕೂಡ ಕಾರು ಮಾಡಿಕೊಂಡು ನೋಡಲು ಬಂದರು. ಪೆರಿಯಸಾಮಿ ಬೆತ್ತ ಹೆಗಲಿಗೇರಿಸಿ, ಎದೆ ಮುಂದೆ ಮಾಡಿ, ಪೊಲೀಸಿನವನಂತೆ ಹೆಜ್ಜೆ ಹಾಕಿದ. ಹಿಂದೆ ಗೊರಸಿನ ಸದ್ದಿಲ್ಲ. ತಿರುಗಿ ನೋಡುವಂತಿಲ್ಲ. "ಬಾರೋ ಅರಸೇ," ಎಂದು ಕರೆದ. ಸದ್ದಿಲ್ಲ.

"ಯಾರೋ ಹೊಸಬ ಬಂದ ಅಂತ ಮುಖ ತಿರುಗಿಸ್ಕೊಂಡು ನಿಂತೈತೆ ಅಣ್ಣೇ," ಎಂದ ಕರುಪ್ಪಸಾಮಿ, ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುತ್ತಾ. "ಕೊಡು ಇತ್ತ."

ಗುಂಪಿನೊಳಗಿಂದ ಅಳಗಮ್ಮಾಳ್ ಮೆಲ್ಲಗೆ ಅಂದಳು: "ಕಾಲೆಳ್ಕೊಂಡು ನಡಿ."

ಪೆರಿಯಸಾಮಿ ಅಲುಗಲಿಲ್ಲ. ಇಡೀ ಊರಿಗೆ ಮಂಡಿ ತೋರಿಸಿ ಬಂದವನು ಅದೇ ಊರಿನ ಮುಂದೆ ಕುಂಟುವುದೆಂದರೆ ಹೇಗೆ? ಕರುಪ್ಪಸಾಮಿಯ ಕೈ ಬೆತ್ತದ ತುದಿಗೆ ಬಂತು.

ಸರ್ರ್. ಪೆರಿಯಸಾಮಿ ಬಲಗಾಲನ್ನು ದೂಳಿನಲ್ಲಿ ಎಳೆದ. ‘ಹೂಂ’ ಎಂದು ನರಳಿದ. ಮತ್ತೆ ಸರ್ರ್, ಮತ್ತೆ ಹೂಂ. ಹಿಂದೆ ಕೊರಳ ಗಂಟೆ ಒಮ್ಮೆ ಅಲುಗಿತು, ಆಮೇಲೆ ಗೊರಸುಗಳು ನೆಲಕ್ಕೆ ಬಿದ್ದವು. ಕೆರೆಯ ತನಕವೂ ಅವನು ಕುಂಟಿದ, ಏರಿಯ ಮೇಲೂ ಕುಂಟಿದ. ಬೆತ್ತ ಮಾತ್ರ ಹೆಗಲಿನಿಂದ ಇಳಿಯಲಿಲ್ಲ. ಕರುಪ್ಪಸಾಮಿ ಟವೆಲ್ಲನ್ನು ಮತ್ತೆ ಹೆಗಲಿಗೇ ಹಾಕಿಕೊಂಡ.

ಡಾಕ್ಟರ ಮುಖ ಬಾಡಿಹೋಗಿತ್ತು. ಅವರ ಮುಂದೆ ಹಾಯುವಾಗ ಪೆರಿಯಸಾಮಿ ಪಿಸುಗುಟ್ಟಿದ: "ಗುಣ ಆಗೈತೆ ತಾಯೀ. ನಿನ್ನಾಣೆಗೂ ಗುಣ ಆಗೈತೆ. ಹೂಂ."

ಟೀ ಅಂಗಡಿಯಲ್ಲಿ ಯಾರೂ ನಂಬಲಿಲ್ಲ. ತೇನಿಯ ಊಸಿ ಒಂದು ವಾರಕ್ಕೇ ಕೈಬಿಟ್ಟಿತು ಎಂದು ಸುದ್ದಿಯಾಯಿತು. ಮರುದಿನ ಬೆಳಗ್ಗೆ ಪೆರಿಯಸಾಮಿ ಡಾಕ್ಟರಿಗೆ ಫೋನು ಮಾಡಿದ. ಬಲಮಂಡಿ ಹೂವಿನಂತಿದೆ, ಅಷ್ಟು ದೂರ ಸುಳ್ಳು ಕುಂಟಿದ್ದಕ್ಕೆ ಎಡಸೊಂಟ ಹಿಡಿದುಕೊಂಡಿದೆ, ಇದಕ್ಕೆ ಮೂರರಲ್ಲಿ ಯಾವ ಊಸಿ ಎಂದು ಕೇಳಿದ.

"ಯಾವ್ದೂ ಇಲ್ಲೆ ತಾತಾ," ಎಂದರು ಡಾಕ್ಟರು. "ಇವತ್ತಿಂದ ಸಂಜೆ ಸಂಜೆ ದೊಡ್ಡಿಗೆ ಹೋಗಿ ನೆಟ್ಟಗೆ ನಡೀರಿ. ನಿಮ್ಮ ತೊಡೆಗೂ ಬಲ ಬರ್ತದೆ, ಹೋರಿಗೂ ಪಾಠ ಆಗ್ತದೆ."

ಸಂಜೆ ಅವನು ಹೋದ. ಹೋರಿ ಕಿವಿ ಎತ್ತಲಿಲ್ಲ. ಅವನು ನೆಟ್ಟಗೆ ಹತ್ತು ಹೆಜ್ಜೆ ನಡೆದು, ಕೊನೆಗೆ ಒಂದೇ ಒಂದು ಸಲ, ತನ್ನ ಗುರುತಿಗೆಂದು, ಸರ್ರನೆ ಕಾಲೆಳೆದ.