ಒಂದೇ ಐಸ್ ಹಿಡಿಸುವ ಚೀಲ

ಅರುಣಾ ಸಿಟ್ಟು ಬಂದಾಗ ಮನುಷ್ಯರನ್ನು ಬೈಯುವುದಿಲ್ಲ, ವಸ್ತುಗಳನ್ನು ಬೈಯುತ್ತಾಳೆ. ಹೊತ್ತದ ಒಲೆ, ಬಿಗಿದುಕೊಂಡ ಚಿಲಕ, ಅರ್ಧ ದಾರಿಯಲ್ಲಿ ಬಾರು ಕಿತ್ತ ಚಪ್ಪಲಿ, ಎಲ್ಲಕ್ಕೂ ಅವಳ ಹತ್ತಿರ ಬೇರೆ ಬೇರೆ ಬೈಗುಳಗಳಿವೆ. ಹನ್ನೊಂದು ವರ್ಷದ ಹಿಂದೆ ಅಣ್ಣಿಗೇರಿ ಕಡೆಯ ಎರೆಹೊಲದ ಊರಿನಿಂದ ಕಲಘಟಗಿ ಹತ್ತಿರದ ತಂಬೂರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ರೇಣುಕವ್ವ ಇದನ್ನು ಮೊದಲ ವಾರದಲ್ಲೇ ಕಂಡುಕೊಂಡಳು. “ನನ್ನ ಸೊಸಿ ಅಗದಿ ಚಲೋ. ನನಗ ಒಂದ ಮಾತ ಅನ್ನಂಗಿಲ್ಲ. ರುಬ್ಬೂ ಒಳ್ಳಿಗೆ ಬೈತಾಳ, ನಾನು ಒಳ್ಳಿನ ಬಾಜೂಕ ಕುಂತಿರ್ತೀನಿ ಅಷ್ಟ” ಎಂದು ಓಣಿಗೆಲ್ಲ ಹೇಳಿ ನಗಿಸಿದಳು.

ನಾಲ್ಕು ವರ್ಷದಿಂದ ಅರುಣಾ ಪಶುಸಖಿ. ಊರಿನ ದನದ ದವಾಖಾನೆಯ ಫ್ರಿಜ್ಜಿನಿಂದ ಲಸಿಕೆ ತೆಗೆದುಕೊಂಡು, ಕುರಿ, ಆಡು, ದನ ಎಲ್ಲಿವೆಯೋ ಅಲ್ಲಿಗೆ ನಡೆದು ಹೋಗಿ ಹಾಕಿ ಬರುವುದು ಅವಳ ಕೆಲಸ. ಲಸಿಕೆಗೆ ನೀಲಿ ಬಣ್ಣದ ದೊಡ್ಡ ಡಬ್ಬಿ. ಅದರಲ್ಲಿ ನಾಲ್ಕು ಐಸ್ ಪ್ಯಾಕು ಕೂಡುತ್ತವೆ. ಸಿಂಬಿಯ ಮೇಲಿಟ್ಟು ತಲೆಯ ಮೇಲೆ ಹೊರಬೇಕು. ಸಿರಿಂಜು, ಸೂಜಿ, ಕಿವಿಗೆ ಬಿಲ್ಲೆ ಹಾಕುವ ಇಕ್ಕಳ, ಹೆಸರು ಬರೆಯುವ ವಹಿ, ನೀರು, ಬುತ್ತಿ ಇಷ್ಟೂ ಕೈಯಲ್ಲಿ ಹಿಡಿಯುವ ವಾಯರಿನ ಚೀಲದಲ್ಲಿ. ಒಂದು ಕೈ ಡಬ್ಬಿಗೆ, ಒಂದು ಕೈ ಚೀಲಕ್ಕೆ. ನಾಯಿ ಬೆನ್ನು ಹತ್ತಿದರೆ ಕಲ್ಲೆತ್ತಲು ಮೂರನೆಯ ಕೈ ಇಲ್ಲ.

ಹಾಗಾಗಿ ಹುಬ್ಬಳ್ಳಿಯ ಒಂದು ಸಂಸ್ಥೆಯಿಂದ ಜಾಕೀರ್ ಎಂಬ ತರುಣ ಅಧಿಕಾರಿ ಬೈಕಿನಲ್ಲಿ ಬಂದು ಹೊಸ ಚೀಲ ಕೊಟ್ಟಾಗ ಅವಳು ಬೇಡ ಎನ್ನಲಿಲ್ಲ. ಬೂದಿ ಬಣ್ಣದ, ಹೆಗಲಿನಿಂದ ಸೊಂಟಕ್ಕೆ ಅಡ್ಡವಾಗಿ ಹಾಕಿಕೊಳ್ಳುವ, ಅಂಗೈಗಲ ಪಟ್ಟಿಯ ಚೀಲ.

“ಏಳು ದಿನ ಬಳಸಿ ನೋಡ್ರಿ ಅಕ್ಕಾ. ದಿನಾ ಫೋನ್ ಮಾಡಿ ಕೇಳ್ತೀನಿ, ಒಂದರಿಂದ ಐದರ ತನಕ ಮಾರ್ಕ್ ಕೊಡ್ರಿ. ನೀವು ಚಲೋ ಐತಿ ಅಂದ್ರ ತಾಲೂಕಿನಾಗ ಎಲ್ಲಾರಿಗೂ ಕೊಡ್ತೀವಿ” ಎಂದ ಜಾಕೀರ್.

“ಇಷ್ಟ ಸಣ್ಣದು?”

“ಸಣ್ಣದಾದ್ರ ಹಗುರ ಅಲ್ರಿ?”

ಮೊದಲ ದಿನ ಅವಳು ಅಂಗಳದಲ್ಲಿ ಕೂತು ಚೀಲವನ್ನು ಪೂರಾ ತೆರೆದು ನೋಡಿದಳು. ಮೂರು ಪೆನ್ನು ಸಿಗಿಸಲು ಮೂರು ಗೂಡು. ಅವಳ ಹತ್ತಿರ ಇದ್ದದ್ದು ಒಂದು ಪೆನ್ನು. ಕೀಲಿಕೈ ತೂಗುಹಾಕಲು ಒಂದು ಕೊಂಡಿ. ಅವರ ಮನೆಯ ಕೀಲಿಕೈ ಬಾಗಿಲ ಮೇಲಿನ ಗೂಡಿನಲ್ಲಿರುತ್ತದೆ, ಅದು ಊರಿಗೆಲ್ಲ ಗೊತ್ತು. ಹಿಂಬದಿಗೆ ಮೆತ್ತೆ ಹಾಕಿದ ತೆಳ್ಳಗಿನ ಜೇಬು, ಲ್ಯಾಪ್‌ಟಾಪಿಗಂತೆ. “ಲ್ಯಾಪ್‌ಟಾಪಿಗೆ ಗಾದಿ ಹಾಸ್ಯಾರ, ಔಷಧಕ್ಕ ಜಾಗಾ ಇಟ್ಟಿಲ್ಲ. ಯಾರು ಹೊಲಿದಾರ ನಿನ್ನ?” ಎಂದು ಚೀಲವನ್ನೇ ಕೇಳಿದಳು. ಇಕ್ಕಳ ಹಾಕಿದರೆ ವಹಿ ಮಡಚಬೇಕು. ವಹಿ ನೆಟ್ಟಗಿಟ್ಟರೆ ಬುತ್ತಿ ಹೊರಗೆ. ಐಸ್ ಪ್ಯಾಕು ಒಂದೇ ಹಿಡಿಯಿತು. ಅವಳು ಕುಳ್ಳಿ, ಪಟ್ಟಿಯನ್ನು ಎಷ್ಟು ಬಿಗಿದರೂ ಚೀಲ ತೊಡೆಗೆ ಬಡಿಯುತ್ತಿತ್ತು.

ಆದರೂ ಮೊದಲ ಎರಡು ದಿನ ಅವಳು ಅದನ್ನು ಹಾಕಿಕೊಂಡೇ ಹೋದಳು. ಮನೆಮನೆಯ ಆಡುಗಳಿಗೆ ಜಂತಿನ ಔಷಧ ಕುಡಿಸುವ ಕೆಲಸವಿತ್ತು, ಐಸ್ ಬೇಕಿರಲಿಲ್ಲ. ಎರಡೂ ಕೈ ಬೀಸಿಕೊಂಡು ನಡೆಯುವುದು ಎಷ್ಟು ಸುಖ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಕಲಘಟಗಿಯ ಕಾಲೇಜಿಗೆ ಬಸ್ ಹತ್ತುವ ಹುಡುಗಿಯರು ಇಂಥದೇ ಚೀಲ ಹಾಕಿಕೊಂಡು ನಿಲ್ಲುತ್ತಾರೆ. ಬಸ್ ನಿಲ್ದಾಣದ ಮುಂದೆ ಹಾಯುವಾಗ ಅವಳ ನಡಿಗೆ ತಾನಾಗಿಯೇ ಸ್ವಲ್ಪ ಬದಲಾಯಿತು. ಇದನ್ನು ಅವಳು ಜಾಕೀರನಿಗೆ ಹೇಳಲಿಲ್ಲ.

ಮೂರನೆಯ ದಿನ ಬೀರಲಿಂಗಪ್ಪನ ಹಿಂಡು.

ಬೀರಲಿಂಗಪ್ಪ ಅವಳ ಗಂಡನ ಕಡೆಯ ಹಿರಿಯ, ಅರವತ್ತೈದರ ಕುರಿಗಾರ, ನೂರಾ ಮೂವತ್ತು ಕುರಿಗಳ ಒಡೆಯ. ಮೂರು ವರ್ಷದಿಂದ ಅರುಣಾ ಅವನ ಬೆನ್ನು ಬಿದ್ದಿದ್ದಳು. ಮೂರು ವರ್ಷವೂ ಅವನು, “ಸೂಜಿ ಚುಚ್ಚಿದ್ರ ಗಬ್ಬ ಹೋಗ್ತಾವ. ನಮ್ಮ ಕುರಿಗೆ ಬೀರದೇವರ ಭಂಡಾರ ಸಾಕು” ಎಂದು ತಿರುಗಿಸಿ ಕಳಿಸಿದ್ದ. ಭಂಡಾರವೆಂದರೆ ದೇವರ ಅರಿಸಿನ. ಹಿಂಡು ಏಳುವಾಗ, ಮರಿ ಹುಟ್ಟಿದಾಗ ಅದನ್ನೇ ಎರಚುತ್ತಾರೆ. ಈ ಸಲ ಪಕ್ಕದ ಎರಡು ಹಿಂಡುಗಳಲ್ಲಿ ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಕುರಿ ಸಾಲುಸಾಲಾಗಿ ಸತ್ತವು. ಆಗ ಅವನೇ ಮಗ ಬೀರೇಶನಿಂದ ಫೋನ್ ಮಾಡಿಸಿದ. ಬುಧವಾರ ಮುಂಜಾನೆ ಒಂದು ಹೊತ್ತು ಮಾತ್ರ. ಅವತ್ತೇ ಹಿಂಡು ಮುಂದಿನ ಊರಿಗೆ ಏಳುತ್ತದೆ. ಅಲ್ಲಿ ಒಬ್ಬ ರೈತನ ಹೊಲದಲ್ಲಿ ಗೊಬ್ಬರಕ್ಕೆ ಕುರಿ ಕೂಡಿಸುವ ಮಾತಾಗಿದೆ.

ಅರುಣಾ ನೀಲಿ ಡಬ್ಬಿಯ ಕಡೆ ನೋಡಿದಳು, ಬೂದಿ ಚೀಲದ ಕಡೆ ನೋಡಿದಳು. ಮೂರೇ ಕಿಲೋಮೀಟರು, ಒಂದು ತಾಸು, ಒಂದು ಐಸ್ ಸಾಕಾಗದೆ ಏನು ಎಂದುಕೊಂಡಳು. ನಾಲ್ಕು ವರ್ಷದ ಕೆಲಸದಲ್ಲಿ ಹೀಗೆ ಅಂದುಕೊಂಡದ್ದು ಅದೇ ಮೊದಲು.

ದವಾಖಾನೆಯಲ್ಲಿ ನೂರು ಕುರಿಗಾಗುವುದೊಂದು, ಐವತ್ತು ಕುರಿಗಾಗುವುದೊಂದು, ಎರಡು ಸೀಸೆ ತೆಗೆದುಕೊಂಡು ಒಳಗಿಟ್ಟಳು. ಜಿಪ್ ಅರ್ಧಕ್ಕೆ ಬಂದು ನಿಂತಿತು. ತುಂಬಿದ ಚೀಲ, ಹೊಸ ಜಿಪ್, ಇಷ್ಟು ಬಿಗಿ ಇರುವುದೇ ಎಂದುಕೊಂಡು, ಮೊಣಕಾಲಿಗೆ ಚೀಲ ಒತ್ತಿ ಹಿಡಿದು ಎಳೆದಳು. ಕರ್ ಎಂದು ಮುಚ್ಚಿಕೊಂಡಿತು.

ಹೊಲ ಮುಟ್ಟಿದಾಗ ಬಿಸಿಲು ಏರಿತ್ತು. ಕುರಿಗಳನ್ನು ಬಲೆಯೊಳಗೆ ಕೂಡಿ ಬೀರಲಿಂಗಪ್ಪ ಕಾಯುತ್ತಿದ್ದ. ಬೀರೇಶ ಕೈ ತೊಳೆದುಕೊಂಡು ಬಂದ. ಅರುಣಾ ಕೂತು ಜಿಪ್ ಎಳೆದಳು. ಬರಲಿಲ್ಲ. ಹಿಂದಕ್ಕೆ ಎಳೆದಳು, ಮುಂದಕ್ಕೆ ಎಳೆದಳು, ಹಲ್ಲಿನಿಂದ ಕಚ್ಚಿ ಎಳೆದಳು.

“ಬಿಡಲೇ ನಿನ್ನ ಬಾಯಿ! ತುಂಬುವಾಗ ತಗದಿದ್ದಿ, ಈಗೇನು ನೋಂಪಿ ಹಿಡದೀ?”

ಬೀರೇಶ ಗಾಬರಿಯಾಗಿ ಅಪ್ಪನ ಮುಖ ನೋಡಿದ. “ಚೀಲಕ್ಕ ಅನ್ನಾಕತ್ತಾಳ, ನಿನಗಲ್ಲ” ಎಂದ ಬೀರಲಿಂಗಪ್ಪ.

ಬಗ್ಗಿ ನೋಡಿದಾಗ ಗೊತ್ತಾಯಿತು. ಜಿಪ್ಪಿನ ಹಲ್ಲುಗಳ ನಡುವೆ ಹಳದಿ ಅರಿವೆಯ ತುದಿಯೊಂದು ಸಿಕ್ಕಿಬಿದ್ದಿತ್ತು. ಹೊಸ ಚೀಲ ಬರಿದಾಗಿ ದೊಡ್ಡ ಕೆಲಸಕ್ಕೆ ಹೊಸ್ತಿಲು ದಾಟಬಾರದೆಂಬುದು ಅವರ ಮನೆಯ ಪದ್ಧತಿ. ಬೀರಲಿಂಗಪ್ಪನ ಹಿಂಡಿಗೆ ಹೊರಟಿದ್ದಾಳೆ ಸೊಸೆ ಎಂದು ರೇಣುಕವ್ವ, ಅವಳು ಜಡೆ ಹಾಕಿಕೊಳ್ಳುವಷ್ಟರಲ್ಲಿ, ಒಂದು ಮುಷ್ಟಿ ಭಂಡಾರವನ್ನು ಅರಿವೆಯಲ್ಲಿ ಗಂಟು ಕಟ್ಟಿ, ಕಣ್ಣಿಗೆ ಬೀಳದಂತೆ ಬಾಯಿಯಂಚಿನ ಮೂಲೆಗೆ ತುರುಕಿದ್ದಳು. ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

“ಕಾಕಾ, ಉಣ್ಣೆ ಕತ್ತರಸೂ ಕತ್ತರಿ ಕೊಡ್ರಿ. ಜಿಪ್ ಕತ್ತರಸ್ತೀನಿ.”

ಬೀರಲಿಂಗಪ್ಪ ಬಗ್ಗಿ ನೋಡಿ, ಆ ಹಳದಿ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. “ಇದು ಭಂಡಾರದ ಅರಿವಿ ಅಲ್ಲೇನವಾ? ಇದಕ್ಕ ಕಬ್ಬಣ ಮುಟ್ಟಸಾಕ ಬರೂದಿಲ್ಲ.”

“ಅರಿವಿ ಕತ್ತರಸಂಗಿಲ್ರಿ. ಜಿಪ್ ಅಷ್ಟ.”

“ಹಲ್ಲಾಗ ನಾಲಿಗಿ ಸಿಕ್ಕೈತಿ. ಹಲ್ಲ ಕೊಯ್ದ್ರ ನಾಲಿಗಿ ಉಳೀತೈತೇನು?”

“ಒಳಗ ಔಷಧ ಕಾಯಾಕತ್ತೈತ್ರೀ ಕಾಕಾ! ಒಂದ ಐಸ್ ಇಟ್ಟೀನಿ, ಒಂದ!”

“ನಾ ಏನ್ ಮಾಡ್ಲಿ? ದೇವರನ್ನೂ ಔಷಧಾನೂ ಒಂದ ಚೀಲದಾಗ ಕೂಡಿಸಿದಾಕಿ ನೀನು.”

“ನಾ ಅಲ್ಲ, ಅತ್ತಿ!”

ಅಷ್ಟರಲ್ಲಿ ಹೊರಗಿನ ಜೇಬಿನಲ್ಲಿದ್ದ ಫೋನ್ ಹೊಡೆದುಕೊಂಡಿತು. ಜಾಕೀರ್.

“ನಮಸ್ಕಾರ ಅಕ್ಕಾ. ಮೂರನೇ ದಿನದ ಪ್ರಶ್ನೆ. ಚೀಲ ತೆಗಿಯೂದು, ಮುಚ್ಚೂದು ಸುಲಭ ಐತೇನ್ರಿ? ಒಂದರಿಂದ ಐದು.”

“ಮುಚ್ಚಾಕ ಐದು” ಎಂದಳು ಅರುಣಾ ಹಲ್ಲು ಕಚ್ಚಿ. “ತೆಗಿಯೂದು, ಅದರ ಮುಂದ ಈಗ ಮೂರು ಮಂದಿ ಕುಂತೀವಿ. ತಗದ ಮ್ಯಾಲೆ ಹೇಳ್ತೀನಿ.”

ಅವಳು ಫೋನ್ ಇಡುವಷ್ಟರಲ್ಲಿ ಬೀರಲಿಂಗಪ್ಪ ಚೀಲವನ್ನು ಮಗುಚಿ ಹಾಕಿ ತಳದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. “ಬಾಯಿಂದ ಬರೂದಿಲ್ಲಂದ್ರ ಹಿಂದಿಂದ ತಗೀಬೇಕು” ಎಂದವನೇ ಕತ್ತರಿಯ ತುದಿಯಿಂದ ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿದ. ಭಂಡಾರದ ಗಂಟು ಮೇಲಿತ್ತು. ಕಬ್ಬಿಣ ಅದರ ಹತ್ತಿರ ಹೋಗಲಿಲ್ಲ. ಆಮೇಲೆ ಕೈ ಒಳಗೆ ಹಾಕಿ ಕಣ್ಣು ಮುಚ್ಚಿಕೊಂಡ. ಸಾವಿರ ಕುರಿ ಈಯಿಸಿದ ಕೈ ಅದು. ಕತ್ತಲಲ್ಲಿ ಕಾಲು ಯಾವುದು, ತಲೆ ಯಾವುದು ಎಂದು ಅದಕ್ಕೆ ಗೊತ್ತು.

“ಸುಮ್ನಿರ್ರಿ, ಹತ್ತಿತು.” ಮೊದಲು ಬಂದದ್ದು ರೊಟ್ಟಿಯ ಗಂಟು. ಆಮೇಲೆ ಇಕ್ಕಳ, ಸಿರಿಂಜು, ಐಸ್ ಪ್ಯಾಕು. ಆಮೇಲೆ, ಹುಷಾರಾಗಿ, ಎರಡು ಸೀಸೆ.

“ಅವಳಿ!” ಎಂದ ಬೀರೇಶ.

ಅರುಣಾ ನಗಲಿಲ್ಲ. ಐಸ್ ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಒಳಗೆ ನೀರು ತುಳುಕಿತು, ನಡುವೆ ಒಂದು ಸಣ್ಣ ಗಡ್ಡೆ ಮಾತ್ರ ಉಳಿದಿತ್ತು. ನೂರರ ಸೀಸೆಯ ಪುಡಿಯನ್ನು ತಕ್ಷಣ ಅದರ ಜೊತೆಗೆ ಬರುವ ನೀರಿನಲ್ಲಿ ಕಲಸಿ, ಆ ಗಡ್ಡೆಗೇ ಒತ್ತಿ ಹಿಡಿದು, ಕೆಲಸಕ್ಕೆ ಕೂತಳು. ಬೀರೇಶ ಹಿಡಿದ, ಅವಳು ಚುಚ್ಚಿದಳು, ಬೀರಲಿಂಗಪ್ಪ ಹಾಕಿಸಿಕೊಂಡ ಕುರಿಯ ತಲೆಗೆ ಕೆಮ್ಮಣ್ಣು ಹಚ್ಚಿ ಆಚೆ ಬಿಟ್ಟ. ಸೊಂಟ ಸೆಟೆದುಕೊಂಡರೂ ಅವಳು ಏಳಲಿಲ್ಲ. ನೂರು ಮುಗಿಯಿತು.

ಎರಡನೆಯ ಸೀಸೆಗೆ ಕೈ ಹಾಕಿದವಳು ತಡೆದಳು. ಸೀಸೆ ತಣ್ಣಗಿರಲಿಲ್ಲ. ಐಸ್ ಪ್ಯಾಕಿನಲ್ಲಿ ಗಡ್ಡೆಯೂ ಇರಲಿಲ್ಲ.

“ಇದು ಬರೂದಿಲ್ರಿ ಕಾಕಾ” ಎಂದಳು.

“ಯಾಕ?”

“ತಂಪ ಹೋಗೈತಿ.”

ಬೀರಲಿಂಗಪ್ಪ ಸೀಸೆಯನ್ನು ಕೆನ್ನೆಗೆ ಹಚ್ಚಿ ನೋಡಿದ. “ಬಿಸಿ ಏನಿಲ್ಲಲ್ಲ. ಹಾಕು.”

“ಹಾಕಂಗಿಲ್ರಿ.”

“ಲೇ ಅರುಣಾ, ಮೂರು ವರ್ಸ ನಾ ಒಲ್ಲೆ ಅಂದೆ, ನೀ ಬೆನ್ನ ಹತ್ತಿದಿ. ಇವತ್ತ ನಾ ಹೂಂ ಅಂದೀನಿ, ನೀ ಒಲ್ಲೆ ಅಂತಿ. ಚ್ಯಾಷ್ಟಿ ಮಾಡ್ತಿಯೇನು? ಹೊತ್ತ ಏರೇತಿ, ಅಲ್ಲಿ ಹೊಲದಾಂವ ದಾರಿ ಕಾಯಾಕತ್ತಾನ!”

ಅವನ ಕುತ್ತಿಗೆಯ ನರ ಉಬ್ಬಿತ್ತು. ಅವಳು ಚುಚ್ಚಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೂರಾ ಮೂವತ್ತು ಎಂದು ವಹಿಯಲ್ಲಿ ಬರೆಯಬಹುದಿತ್ತು. ಹಿಂಡು ಹೋಗುತ್ತಿತ್ತು. ಮುಂದೆ ಯಾವತ್ತೋ ಈ ಮೂವತ್ತರಲ್ಲಿ ಒಂದಕ್ಕೆ ಬಾಯಿ ಹುಣ್ಣಾಗಿದ್ದರೆ, ಬೀರಲಿಂಗಪ್ಪ ಇನ್ನು ಜನ್ಮದಲ್ಲಿ ಸೂಜಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನನ್ನು ನೋಡಿ ನಡೆಯುವ ಹತ್ತು ಹಿಂಡಿನವರೂ ಅಷ್ಟೇ.

“ಕೆಟ್ಟ ಔಷಧ ಚುಚ್ಚಿ, ಹಾಕೀನಿ ಅಂದ್ರ ನೀವು ನಂಬ್ತೀರಿ ಕಾಕಾ” ಎಂದಳು. “ಅದ ನನಗ ಅಂಜಿಕಿ. ತಪ್ಪು ನಂದು. ದೊಡ್ಡ ಡಬ್ಬಿ ಬಿಟ್ಟು ಈ ಹಾಳ ಚೀಲ ತಂದೆ. ಕೈ ಬೀಸಿಕೊಂಡ ಬರಬೇಕಂತ ಆಶಾ ಆತು. ಬೈರಿ ನನಗ.”

ಬೀರಲಿಂಗಪ್ಪ ಸೀಸೆಯನ್ನು ಅವಳ ಕೈಗೆ ತಿರುಗಿ ಕೊಟ್ಟ. ತಲೆಗೆ ಕೆಂಪು ಹಚ್ಚದ ಮೂವತ್ತು ಕುರಿಗಳನ್ನು, ಬಲೆಯನ್ನು, ತಂಬೂರದ ಕಡೆಯ ದಾರಿಯನ್ನು ಒಂದೊಂದಾಗಿ ನೋಡಿದ.

“ಫ್ರಿಜ್ಜಿನಾಗ ಇನ್ನೂ ಐತೇನು ಔಷಧ?”

“ಐತ್ರಿ.”

“ಔಷಧಕ್ಕ ನಡಿಯಾಕ ಬರೂದಿಲ್ಲ. ಕುರಿಗೆ ಬರತೈತಿ. ಬೀರೇಶಾ, ನೂರು ತಗೊಂಡು ಮುಂದ ನಡಿ. ನಾ ಸಂಜೀಕ ಬಂದ ಕೂಡ್ತೀನಂತ ಹೇಳು ಆ ಹೊಲದಾವಗ.”

ಹೀಗೆ ಮೂವತ್ತು ಕುರಿ ತಂಬೂರದ ದಾರಿ ಹಿಡಿದವು. ಮುಂದೆ ಬೀರಲಿಂಗಪ್ಪ, ಹಿಂದೆ ಅರುಣಾ. ತಳ ಹರಿದ ಚೀಲವನ್ನು ಹೆಗಲಿಗೆ ಹಾಕುವಂತಿರಲಿಲ್ಲ. ಹಾಲುಗೂಸಿನಂತೆ ಎರಡೂ ಕೈಯಿಂದ ಅವಚಿಕೊಂಡು ನಡೆದಳು. ಅರ್ಧ ದಾರಿಯಲ್ಲಿ ಮತ್ತೆ ಜಾಕೀರನ ಫೋನ್.

“ಬರಕೋರಿ” ಎಂದಳು ಅರುಣಾ. “ಹೆಗಲಿಗೆ ಐದಕ್ಕ ಐದು. ಪಟ್ಟಿ ಒತ್ತೂದಿಲ್ಲ, ಕೈ ಖಾಲಿ ಇರತಾವ, ಹಾಕ್ಕೊಂಡ್ರ ಚಂದನೂ ಕಾಣತೈತಿ. ಪಟ್ಟಿ ಉದ್ದಕ್ಕ ಎರಡು, ನನ್ನಂಥಾ ಕುಳ್ಳೇರೂ ಕೆಲಸ ಮಾಡ್ತಾರ. ಪೆನ್ನಿನ ಗೂಡಿಗೆ ಸೊನ್ನಿ. ಐಸಿಗೆ ಸೊನ್ನಿ. ಜಂತಿನ ಔಷಧಕ್ಕ ಕೊಡ್ರಿ, ವಹಿ ಇಡಾಕ ಕೊಡ್ರಿ. ಇದನ್ನ ಕೊಟ್ಟು ಆ ಡಬ್ಬಿ ವಾಪಸ್ ತಗೊಂಡ್ರಿ ಅಂದ್ರ ನಾವು ಯಾರೂ ಸುಮ್ನಿರಂಗಿಲ್ಲ.”

“ಮತ್ತ ತೆಗಿಯೂದಕ್ಕ ಎಷ್ಟ ಬರೀಲಿ ಅಕ್ಕಾ?”

“ಕುರಿಗಾರ ಬಾಜೂಕಿದ್ರ ಸುಲಭ ಅಂತ ಬರೀರಿ. ತಳ ಹರದೈತಿ, ಅದನ್ನೂ ಬರೀರಿ.”

ದವಾಖಾನೆಯ ಕಟ್ಟೆಯ ಮುಂದೆ ಮೂವತ್ತು ಕುರಿಗಳನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದರು. ಫ್ರಿಜ್ಜಿನಿಂದ ಹೊಸ ಸೀಸೆ ಬಂತು. ಬೆವರಿದ ಗಾಜು ಬೆರಳಿಗೆ ಕಚ್ಚುವಷ್ಟು ತಣ್ಣಗಿತ್ತು. ಬೀರಲಿಂಗಪ್ಪ ಒಂದೊಂದನ್ನೇ ತೊಡೆಯ ನಡುವೆ ಹಿಡಿದುಕೊಟ್ಟ. ಮೊದಲನೆಯದಕ್ಕೆ ಚುಚ್ಚುವಾಗ ಮುಖ ಆಚೆ ತಿರುಗಿಸಿದ್ದವನು, ಹತ್ತನೆಯದಕ್ಕೆ ಚರ್ಮವನ್ನು ತಾನೇ ಚಿವುಟಿ ಎತ್ತಿ ಜಾಗ ತೋರಿಸತೊಡಗಿದ.

ಕೊನೆಯ ಕುರಿಯನ್ನು ಬಿಟ್ಟು ಮೈ ಕೊಡವಿಕೊಂಡು ನಿಂತ.

“ಮತ್ತ ಯಾವಾಗ ಹಾಕಬೇಕು?”

“ಇವಕ್ಕ ಮೂರು ವರ್ಸ ಬ್ಯಾಡ್ರಿ.”

“ಮೂರು ವರ್ಸ!” ಅವನಿಗೆ ಮೋಸವಾದಂತೆ ಅನ್ನಿಸಿರಬೇಕು. “ಇಷ್ಟ ತ್ರಾಸ ಪಟ್ಟಿದ್ದು ಮೂರು ವರ್ಸಕ್ಕೊಮ್ಮೇನು? ಮತ್ತ ಈಗ ಹೊಟ್ಟ್ಯಾಗಿರೂ ಮರಿ?”

“ಹುಟ್ಟಿ ನಾಕು ತಿಂಗಳ ಆದ ಮ್ಯಾಲೆ ಅವಕ್ಕ ಹಾಕಬೇಕ್ರಿ.”

ಬೀರಲಿಂಗಪ್ಪ ಬೆರಳು ಮಡಚಿ ತಿಂಗಳು ಎಣಿಸಿದ. ಕೋಲು ಎತ್ತಿಕೊಂಡ. ಕುರಿಗಳು ಅವನ ನಾಲಿಗೆಯ ಸದ್ದಿಗೆ ತಿರುಗಿದವು.

“ಹಂಗಾರ ಯುಗಾದಿ ದಾಟಿದ ಮ್ಯಾಲೆ ಬಾ. ಎಲ್ಲಿರ್ತೀವಿ ಅಂತ ಬೀರೇಶ ಫೋನ್ ಮಾಡ್ತಾನ” ಎಂದು ತಿರುಗಿ ನೋಡದೆ ನಡೆದ.