ಚಕ್ರದ ಮೇಲೆ ಬಿದ್ದ ಮಡಿಕೆ

ಗೋಣಿಚೀಲ ಮಡಚುವುದಕ್ಕೂ ವಿದ್ಯೆ ಬೇಕೆಂದರೆ ನೀವು ನಕ್ಕೀರಿ. ಮಲ್ಲಂದೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿ, ಕಾಫಿ ಚೀಲಗಳ ನಡುವೆಯೇ ಆಯುಷ್ಯ ಸವೆಸಿದ ನನಗೆ ಅದು ಕರಗತ: ನಟ್ಟನಡುವೆ ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಮೊಣಕಾಲೂರಿ ಒತ್ತಿ, ಮೇಲೊಂದು ಭಾರ ಹೇರಿದರಾಯಿತು. ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಸಿಕ್ಕಿದ್ದನ್ನೆಲ್ಲ ಓದಿ ಬೆಳೆದವನು ನಾನು. ಯಾರೇನು ಹೇಳಿದರೂ 'ಎಲ್ಲಿ ಬರೆದಿದೆ, ತೋರಿಸಿ' ಎನ್ನುವ ಹಟಮಾರಿ. ನನ್ನ ಕೈಗಳನ್ನು ಮಾತ್ರ ಆ ಪ್ರಶ್ನೆ ಎಂದೂ ಕೇಳಿರಲಿಲ್ಲ.

ಕಾಫಿ ಒಣಗಿಸುವ ಕಣದಲ್ಲಿ ರಾಷ್ಟ್ರಧ್ವಜ ಏರಿಸುವ, ಇಳಿಸುವ, ಮಡಚಿಡುವ ಹೊಣೆಯನ್ನು ನಿವೃತ್ತನಾದ ಮೇಲೂ ನಾನು ಬಿಟ್ಟುಕೊಟ್ಟಿರಲಿಲ್ಲ. ಈ ಸಲ ಸ್ವಾತಂತ್ರ್ಯ ದಿನದ ಮುನ್ನಾದಿನ ಖಾದಿಯ ಬಾವುಟವನ್ನು ಪೆಟ್ಟಿಗೆಯಿಂದ ತೆಗೆದು, ಕಣ ಗುಡಿಸುತ್ತಿದ್ದ ಗಿರಿಜೆಯನ್ನು ಒಂದು ತುದಿ ಹಿಡಿಯಲು ಕರೆದೆ. ಇಬ್ಬರೂ ಸೇರಿ ಬಿಡಿಸಿದೆವು. ಅಶೋಕಚಕ್ರ ನಡುವೆ ಸೀಳಿ ಎರಡು ಹೋಳಾಗಿತ್ತು. ಸೀಳಿನಾಚೆ ಗಿರಿಜೆಯ ಸೀರೆ ಕಾಣುತ್ತಿತ್ತು.

"ಇಲಿ ಕಡಿದಿದೆ" ಎಂದೆ.

"ಇಲಿ ಇಷ್ಟು ನೆಟ್ಟಗೆ ಗೆರೆ ಹೊಡೆದು ಕಡೀತದಾ ರೈಟ್ರೇ? ನೀವು ಚೀಲ ಮಡ್ಚಿದ ಹಾಗೆ ಮಡ್ಚಿದ್ದು ಇದು."

"ಇಷ್ಟು ವರ್ಷ ಹೀಗೇ ಮಡ್ಚಿದೀನಲ್ಲ ಮಾರಾಯ್ತಿ!"

"ಅದಕ್ಕೇ ಹರಿದಿದ್ದು."

ಸೈನ್ಯದಲ್ಲಿರುವ ತನ್ನಣ್ಣ ರಜೆಗೆ ಬಂದಾಗ ತೋರಿಸಿಕೊಟ್ಟದ್ದನ್ನು ಅವಳು ತನ್ನ ಸೆರಗನ್ನೇ ಹರಡಿ ತೋರಿಸಿದಳು: ಕೇಸರಿಯೂ ಹಸಿರೂ ಬಿಳಿಯ ಅಡಿಗೆ ಸರಿಯಬೇಕು, ಬಿಳಿಯ ಎರಡು ತುದಿಗಳೂ ಹಿಂದಕ್ಕೆ ಮಡಿಯಬೇಕು, ಚಕ್ರ ಮಾತ್ರ ಇಡಿಯಾಗಿ ಮೇಲೆ ಉಳಿಯಬೇಕು. ಎಲ್ಲಿ ಬರೆದಿದೆಯೆಂದು ಬಾಯಿ ತೆರೆದೆ. "ಅದ್ನ ನೀವೇ ಹುಡುಕಿ, ಓದಿದೋರು" ಎಂದಳು. ಸರ್ಕಾರದ ಧ್ವಜ ನಿಯಮಗಳನ್ನು ಹುಡುಕಿ ಓದಿದೆ, ಅವಳು ಹೇಳಿದ್ದೇ ಸರಿ. ಹರಿದ ಧ್ವಜವನ್ನು ಹಾರಿಸಬಾರದು, ಮರೆಯಲ್ಲಿ, ಗೌರವದಿಂದ ಸುಡಬಹುದೆಂಬ ಮಾತೂ ಅಲ್ಲೇ ಇತ್ತು.

ಗೆಳೆಯರೇ, ಶತ್ರುವೊಬ್ಬ ಹರಿದಿದ್ದರೆ ನನಗೆ ಕೋಪ ಬರುತ್ತಿತ್ತು. ಇಲ್ಲಿ ವಂದನೆ ಸಲ್ಲಿಸಿದ ಕೈಯೇ, ಭಕ್ತಿಯಿಂದಲೇ, ವರ್ಷಕ್ಕೆರಡು ಬಾರಿ ಅದೇ ಗೆರೆಯ ಮೇಲೆ ಒತ್ತಿ ಒತ್ತಿ ಚಕ್ರವನ್ನು ಕೊಯ್ದಿತ್ತು. ಆ ಸಂಜೆಯೇ ಪೇಟೆಗೆ ಹೋಗಿ ಹೊಸದೊಂದು ಬಾವುಟ ಕೊಂಡು ತಂದೆ.

ಹೊಸ ಬಾವುಟವನ್ನೂ ಪೆಟ್ಟಿಗೆಯ ಬೀಗದ ಕೈಯನ್ನೂ ಗಿರಿಜೆಗೆ ಒಪ್ಪಿಸಿದೆ. ಹಳೆಯದನ್ನು ಮನೆಯ ಹಿತ್ತಲಿಗೆ ಒಯ್ದು, ಅವಳು ಕಲಿಸಿದಂತೆ ಮಡಚಿದೆ. ಸೀಳಿದ ಅಂಚುಗಳೆರಡೂ ಒಂದಕ್ಕೊಂದು ತಾಗಿ, ಅಂಗೈಯ ಮೇಲೆ ಚಕ್ರ ಇಡಿಯಾಗಿಯೇ ಕಂಡಿತು. ಬೆಂಕಿಕಡ್ಡಿ ಗೀರಲು ಬಹಳ ಹೊತ್ತು ಹಿಡಿಯಿತು.